ಕುಳಿತಲ್ಲೇ ಚೆಂಡಾಟ: ಹಿರಿಯರ ಮುಖದಲ್ಲಿ ನಗು, ಕೈಕಾಲಿನಲ್ಲಿ ಚಲನೆ



ನಮ್ಮ ಸಂಘದ ಸಭೆಗಳಲ್ಲಿ ಉಳಿತಾಯದ ಬಗ್ಗೆ ಮಾತಾಡುತ್ತೇವೆ. ಸಾಲದ ಕಂತು, ಮಕ್ಕಳ ಶಾಲೆ, ಬಾಣಂತಿಯರ ಆರೈಕೆ, ಕುಡಿಯುವ ನೀರು, ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಆದರೆ ಮನೆಯ ಮೂಲೆಯಲ್ಲಿ ಕೌದಿ ಹೊದ್ದು ಕುಳಿತ ಆಯಿಯ ಬಗ್ಗೆ, ಕಟ್ಟೆಯ ಮೇಲೆ ಒಬ್ಬರೇ ಕುಳಿತ ಮುತ್ಯಾನ ಬಗ್ಗೆ ಎಷ್ಟು ಸಲ ಮಾತಾಡಿದ್ದೇವೆ? "ಊಟ ಕೊಟ್ಟೀವಿ, ಗುಳಿಗೆ ಕೊಟ್ಟೀವಿ, ಇನ್ನೇನು ಬೇಕ್ರಿ ಅವರಿಗೆ?" ಎಂದು ಒಬ್ಬ ಸದಸ್ಯೆ ಒಮ್ಮೆ ನನ್ನನ್ನು ಕೇಳಿದರು. ಅವರು ಒಳ್ಳೆಯ ಸೊಸೆ. ಅತ್ತೆಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಅವರ ಪ್ರಶ್ನೆಯಲ್ಲಿ ಬೇಸರವಿತ್ತು, ದಣಿವಿತ್ತು. ಆ ಪ್ರಶ್ನೆಗೆ ಒಂದು ಸಣ್ಣ ಉತ್ತರ ಈ ಲೇಖನ. ಅವರಿಗೆ ಜೊತೆ ಬೇಕು, ಕೈಕಾಲು ಆಡಿಸಲು ಒಂದು ನೆಪ ಬೇಕು, ನಗಲು ಒಂದು ಕಾರಣ ಬೇಕು. ಈ ಮೂರನ್ನೂ ಕೊಡುವ ಸುಲಭದ ಸಾಧನ ಒಂದು ಮೆತ್ತನೆಯ ಚೆಂಡು.

"ನಾವೇನ್ ಸಣ್ ಹುಡುಗರೇನ್ರಿ?"

ಕೆಲವು ವರ್ಷಗಳ ಹಿಂದೆ ಶಹಾಬಾದ್ ಕಡೆಯ ಒಂದು ಓಣಿಯಲ್ಲಿ ಹಿರಿಯರನ್ನು ಒಟ್ಟಿಗೆ ಕೂಡಿಸಿ ಚೆಂಡು ತೆಗೆದಾಗ ಮೊದಲು ಬಂದ ಮಾತು ಇದೇ. "ಈ ವಯಸ್ಸಿನ್ಯಾಗ ಚೆಂಡಾಟ ಅಂದ್ರ ಮಂದಿ ನಗತಾರ. ನಾವೇನ್ ಸಣ್ ಹುಡುಗರೇನ್ರಿ?" ಎಂದು ಒಬ್ಬ ಮುತ್ಯಾ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ನಾನು ಒತ್ತಾಯ ಮಾಡಲಿಲ್ಲ. "ನೀವು ಆಡಬ್ಯಾಡ್ರಿ, ಎಷ್ಟು ಸಲ ಬುಟ್ಟಿಗೆ ಬಿತ್ತು ಅಂತ ಎಣಿಸಿ ಹೇಳ್ರಿ ಸಾಕು" ಎಂದೆ. ಅವರು ಎಣಿಸಿದರು. ಮೂರನೇ ವಾರ, "ಅವರಿಗೆ ಒಗೆಯೋದೇ ಗೊತ್ತಿಲ್ಲ, ತಾರ್ರಿ ಇಲ್ಲಿ" ಎಂದು ತಾವೇ ಚೆಂಡು ಕೇಳಿ ತೆಗೆದುಕೊಂಡರು.

ಅದೇ ಗುಂಪಿನಲ್ಲಿ ಒಬ್ಬ ಆಯಿ ಇದ್ದರು. ಕಲ್ಲಿನ ಗಣಿಯಲ್ಲಿ ಕೂಲಿ ಮಾಡಿ ಮಕ್ಕಳನ್ನು ಬೆಳೆಸಿದವರು. ಮಗ ದುಡಿಯಲು ಹೈದರಾಬಾದಿಗೆ ಹೋಗಿದ್ದ. ಲಕ್ವಾ ಹೊಡೆದ ಮೇಲೆ ಅವರ ಎಡಗೈಯಲ್ಲಿ ಸ್ವಲ್ಪ ಶಕ್ತಿ ಮರಳಿತ್ತು. ಆದರೂ ಅವರು ಆ ಕೈಯನ್ನು ಸೆರಗಿನ ಒಳಗೇ ಇಟ್ಟುಕೊಂಡು ಕೂರುತ್ತಿದ್ದರು. ಹೊರಗೆ ತೆಗೆಯಲು ನಾಚಿಕೆ. ಬಟ್ಟೆ ಚೆಂಡು ನೇರ ಮಡಿಲಿಗೆ ಬಂದಾಗ ಕೈ ತಾನಾಗಿಯೇ ಹೊರಗೆ ಬಂತು. ಎರಡೂ ಕೈಯಿಂದ ಹಿಡಿದರು. ತಾವೇ ಆ ಕೈಯನ್ನು ನೋಡಿಕೊಂಡು ಸುಮ್ಮನೆ ಕುಳಿತರು. ಅವರ ಕೈ ಪೂರ್ತಿ ಗುಣವಾಯಿತು ಎಂದು ನಾನು ಹೇಳುವುದಿಲ್ಲ, ಆಗಲಿಲ್ಲ. ಆದರೆ ಕೆಲವು ತಿಂಗಳಲ್ಲಿ ಚಹಾದ ಲೋಟವನ್ನು ಎರಡು ಕೈಯಿಂದ ಹಿಡಿದು ಕುಡಿಯತೊಡಗಿದರು. ವಾರದ ಆ ದಿನ ಬಂದರೆ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕಾಯುತ್ತಿದ್ದರು. ನಮಗೆ ಅಷ್ಟೇ ಬಹಳ.

ಯಾಕೆ ಆಟ ಬೇಕು?

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ. ಈಗ ಅದಕ್ಕಿಂತ ಹೆಚ್ಚು. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಏನಾಗುತ್ತಿದೆ ಎಂದು ನಿಮಗೇ ಗೊತ್ತು. ವಯಸ್ಸಿಗೆ ಬಂದ ಮಕ್ಕಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು ಎಂದು ದುಡಿಯಲು ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಸಣ್ಣ ಮಕ್ಕಳು. ಜೀವನವಿಡೀ ತೊಗರಿ ಹೊಲದಲ್ಲಿ ಬಗ್ಗಿ ದುಡಿದವರು, ಕಲ್ಲು ಹೊತ್ತವರು, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು ಒಮ್ಮೆಲೇ ಕುಳಿತುಬಿಡುತ್ತಾರೆ. ದುಡಿದ ದೇಹ ಕುಳಿತರೆ ಬೇಗ ಬಿಗಿಯುತ್ತದೆ.

ಉಪಯೋಗಿಸದ ಸ್ನಾಯು ಸೊರಗುತ್ತದೆ. ಹೆಗಲು, ಮೊಣಕೈ, ಬೆರಳಿನ ಕೀಲುಗಳು ಗಟ್ಟಿಯಾಗುತ್ತವೆ. ಕಾಲಿನಲ್ಲಿ ಬಲ ಕಡಿಮೆಯಾದರೆ ತೋಲ ತಪ್ಪುತ್ತದೆ, ತೋಲ ತಪ್ಪಿದರೆ ಬೀಳುತ್ತಾರೆ. ಒಮ್ಮೆ ಬಿದ್ದವರು ಹೆದರಿ ಇನ್ನೂ ಕಡಿಮೆ ಓಡಾಡುತ್ತಾರೆ, ಅದರಿಂದ ಇನ್ನೂ ಸೊರಗುತ್ತಾರೆ. ಇದೊಂದು ಸುತ್ತು. ಬೀಳುವುದರಿಂದ ಸಾಯುವವರಲ್ಲಿ 60 ವರ್ಷ ಮೀರಿದವರೇ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಂತೆ 65 ದಾಟಿದವರು ತಮ್ಮ ಶಕ್ತಿಗೆ ತಕ್ಕಂತೆ ವಾರಕ್ಕೆ 150 ನಿಮಿಷವಾದರೂ ದೇಹ ಆಡಿಸಬೇಕು, ವಾರಕ್ಕೆ 3 ದಿನವಾದರೂ ತೋಲ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕು. ಅಷ್ಟು ಆಗದವರು ಆದಷ್ಟು ಮಾಡಿದರೂ ಲಾಭವೇ.

"ವ್ಯಾಯಾಮ ಮಾಡ್ರಿ" ಎಂದರೆ ನಮ್ಮ ಆಯಿಗಳು ಮಾಡುವುದಿಲ್ಲ. ಚೆಂಡು ಒಗೆದರೆ ಹಿಡಿಯುತ್ತಾರೆ. ಹಿಡಿಯುವಾಗ ಕಣ್ಣು ನೋಡುತ್ತದೆ, ತಲೆ ಲೆಕ್ಕ ಹಾಕುತ್ತದೆ, ಕೈ ಚಾಚುತ್ತದೆ, ಬೆನ್ನು ನೇರವಾಗುತ್ತದೆ. ನಾಲ್ಕು ಕೆಲಸ ಒಟ್ಟಿಗೆ. ಇನ್ನೊಂದು ಲಾಭವೂ ಇದೆ. ಚೆಂಡಿಗೆ ಭಾಷೆ ಇಲ್ಲ. ನಮ್ಮ ಕಡೆ ಕನ್ನಡ, ದಖನಿ ಉರ್ದು, ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಎಲ್ಲ ಮಾತಾಡುವವರಿದ್ದಾರೆ. ಮಾತು ತಿಳಿಯದವರೂ ಒಂದೇ ಸುತ್ತಿನಲ್ಲಿ ಕುಳಿತು ಆಡಬಹುದು.

ಆದರೆ ಒಂದು ಮಾತು ನೆನಪಿರಲಿ. ಚೆಂಡಾಟ ಔಷಧಿಯಲ್ಲ. ಮೊಣಕಾಲು ಸವೆತ, ಸಕ್ಕರೆ ಕಾಯಿಲೆ, ಮರೆವಿನ ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ. ಗುಳಿಗೆ, ಕನ್ನಡಕ, ಹೊಟ್ಟೆ ತುಂಬ ಊಟ, ಇವುಗಳ ಬದಲಿಗೆ ಆಟವಲ್ಲ, ಇವುಗಳ ಜೊತೆಗೆ ಆಟ.

ಚೆಂಡು ನಾವೇ ಮಾಡೋಣ

ಅಂಗಡಿಯ ಗಟ್ಟಿ ರಬ್ಬರ್ ಚೆಂಡು, ಕ್ರಿಕೆಟ್ ಚೆಂಡು, ಟೆನ್ನಿಸ್ ಚೆಂಡು ಬೇಡ. ಅವು ಪುಟಿಯುತ್ತವೆ, ತಾಗಿದರೆ ನೋವಾಗುತ್ತದೆ. ಕೌದಿ ಹೊಲಿಯಲು ಬರುವ ಕೈಗೆ ಚೆಂಡು ಹೊಲಿಯುವುದು ದೊಡ್ಡ ಕೆಲಸವಲ್ಲ.

ಬಟ್ಟೆ ಚೆಂಡು: ಹಳೆಯ ಹತ್ತಿ ಸೀರೆಯನ್ನು ಎರಡು ಬೆರಳಗಲದ ಪಟ್ಟಿಯಾಗಿ ಹರಿದು ಸಡಿಲಾಗಿ ಉಂಡೆ ಸುತ್ತಿರಿ. ಬಿಗಿಯಾಗಿ ಸುತ್ತಿದರೆ ಗಟ್ಟಿಯಾಗುತ್ತದೆ, ಬೇಡ. ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ಚೀಲದಂತೆ ಹೊದಿಕೆ ಹೊಲಿಯಿರಿ. ಹೊದಿಕೆ ಬಿಚ್ಚಿ ತೊಳೆಯುವಂತಿರಲಿ. ದೊಡ್ಡ ಮೋಸಂಬಿಗಿಂತ ಸ್ವಲ್ಪ ದೊಡ್ಡದಿದ್ದರೆ ಎರಡು ಕೈಗೆ ಚೆನ್ನಾಗಿ ಸಿಗುತ್ತದೆ. ಕಡು ಹಳದಿ ಅಥವಾ ಕೆಂಪು ಬಣ್ಣವಿದ್ದರೆ ಮಂದ ಕಣ್ಣಿಗೂ ಕಾಣುತ್ತದೆ. ಪೂರ್ತಿ ಕಾಣದವರಿಗಾಗಿ ಒಂದು ಚೆಂಡಿನ ಒಳಗೆ ಎರಡು ಗೆಜ್ಜೆ ಇಟ್ಟು ಹೊಲಿಯಿರಿ. ಸದ್ದಿನ ಮೇಲೆ ಅವರು ಹಿಡಿಯುತ್ತಾರೆ.

ಹುಣಸೆ ಬೀಜದ ಚೀಲ: ಅಂಗೈಯಗಲದ ಚೌಕ ಚೀಲಕ್ಕೆ ಒಣಗಿದ ಹುಣಸೆ ಬೀಜ ಅರ್ಧ ತುಂಬಿ ಒತ್ತಾಗಿ ಹೊಲಿಯಿರಿ. ಇದು ಉರುಳಿ ಹೋಗುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಬೆರಳಲ್ಲಿ ಬಲವಿಲ್ಲದವರಿಗೂ ಹಿಡಿಯಲು ಸುಲಭ. ಜೋಳ, ಗೋಧಿ ತುಂಬಿದರೆ ನುಸಿ ಹತ್ತುತ್ತದೆ.

ಪುಗ್ಗಾ: ಬಲೂನ್ ಹಗುರ, ನಿಧಾನಕ್ಕೆ ಇಳಿಯುತ್ತದೆ, ಹಿಡಿಯಲು ಹೊತ್ತು ಸಿಗುತ್ತದೆ. ಆದರೆ ಒಡೆದರೆ ಗಾಬರಿ. ಮರೆವಿನ ಕಾಯಿಲೆಯವರು ಒಡೆದ ತುಂಡನ್ನು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ. ಆದ್ದರಿಂದ ಹಳೆಯ ಓಢಣಿಯ ತೆಳು ಬಟ್ಟೆಯಲ್ಲಿ ದುಂಡಗಿನ ಚೀಲ ಹೊಲಿದು ಅದರೊಳಗೆ ಪುಗ್ಗಾ ಊದಿ ಇಡಿ. ಒಡೆದರೂ ತುಂಡು ಒಳಗೇ ಉಳಿಯುತ್ತದೆ.

ಆರಂಭಿಸುವ ಮೊದಲು

ಜಾಗ: ಮನೆಯಂಗಳ, ಸಮುದಾಯ ಭವನ, ವೃದ್ಧಾಶ್ರಮದ ಪಡಸಾಲೆ, ಹಿರಿಯರು ಹಗಲು ಕೂಡುವ ಕೇಂದ್ರ, ಯಾವುದಾದರೂ ಆದೀತು. ನಮ್ಮ ಕಡೆ ಎಲ್ಲೆಲ್ಲೂ ಶಹಾಬಾದ್ ಕಲ್ಲಿನ ನೆಲ. ಸವೆದು ನುಣುಪಾದ ಕಲ್ಲಿನ ಮೇಲೆ ನೀರು ಬಿದ್ದರೆ ಜಾರುತ್ತದೆ. ನೆಲ ಒರೆಸಿದ ಕೂಡಲೆ ಆಟ ಬೇಡ, ಪೂರ್ತಿ ಒಣಗಲಿ. ಚಾಪೆಯ ಅಂಚು, ವಯರು, ಮಕ್ಕಳ ಚಪ್ಪಲಿ ದಾರಿಯಲ್ಲಿ ಇರಬಾರದು.

ಕುರ್ಚಿ: ನಾಲ್ಕೂ ಕಾಲು ಗಟ್ಟಿ ಇರುವ, ಕೈ ಇರುವ ಕುರ್ಚಿ ಒಳ್ಳೆಯದು. ಎರಡೂ ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಾಲ ಕೆಳಗೆ ಅಗಲವಾದ ಮಣೆ ಇಡಿ. ಬಿರುಕು ಬಿಟ್ಟ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಗಾಲಿಕುರ್ಚಿಯಾದರೆ ಬ್ರೇಕ್ ಹಾಕಿ. ಸೀರೆಯ ನೆರಿಗೆ, ಸೆರಗು, ಧೋತರದ ಅಂಚು ಕುರ್ಚಿ ಕಾಲಿಗೆ ಸಿಗದಂತೆ ಸಿಕ್ಕಿಸಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ. ಮೊದಲ ದಿನಗಳಲ್ಲಿ ಉತ್ಸಾಹದಿಂದ ಎಲ್ಲರನ್ನೂ ನಿಲ್ಲಿಸಿ ಆಡಿಸಿದೆ. ಒಬ್ಬ ಅಜ್ಜಿ ಚೆಂಡು ಹಿಡಿಯಲು ಒಂದು ಹೆಜ್ಜೆ ಹಿಂದೆ ಇಟ್ಟರು, ತೋಲ ತಪ್ಪಿ ಕುಳಿತಲ್ಲಿಗೆ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಸೊಂಟ ನೋವಿನಿಂದ ಎರಡು ವಾರ ಮಲಗಿದರು. ಆ ಮನೆಯವರ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. ಅಂದಿನಿಂದ ನಮ್ಮ ನಿಯಮ ಎರಡು: ಎಲ್ಲರೂ ಕುಳಿತೇ ಆಡಬೇಕು. ನೆಲಕ್ಕೆ ಬಿದ್ದ ಚೆಂಡನ್ನು ಹಿರಿಯರು ಬಗ್ಗಿ ಎತ್ತಬಾರದು, ಸಹಾಯಕರೇ ಎತ್ತಿ ಕೊಡಬೇಕು.

ಸಮಯ: 6ರಿಂದ 10 ಜನ ಹಿರಿಯರಿಗೆ ಕನಿಷ್ಠ 2 ಸಹಾಯಕರು. ಒಟ್ಟು ಅರ್ಧ ಗಂಟೆ ಸಾಕು. ಮೊದಲ 5 ನಿಮಿಷ ಹೆಗಲು ತಿರುಗಿಸುವುದು, ಮುಷ್ಟಿ ಕಟ್ಟಿ ಬಿಡುವುದು, ಪಾದ ಮೇಲೆ ಕೆಳಗೆ ಆಡಿಸುವುದು. ನಂತರ 20 ನಿಮಿಷ ಎರಡು ಅಥವಾ ಮೂರು ಆಟ. ಕೊನೆಯ 5 ನಿಮಿಷ ನಿಧಾನ ಉಸಿರು, ನೀರು, ಮಾತುಕತೆ. ಊಟವಾದ ಕೂಡಲೆ ಬೇಡ, ಒಂದು ಗಂಟೆ ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೆಳಿಗ್ಗೆ 8ರೊಳಗೆ ಮುಗಿಸಿ, ಇಲ್ಲವಾದರೆ ಬಿಸಿಲು ಇಳಿದ ಮೇಲೆ ನೆರಳಲ್ಲಿ ಆಡಿಸಿ.

ಎಂಟು ಆಟಗಳು

1. ಹೆಸರು ಹೇಳಿ ಕೊಡು: ಎಲ್ಲರೂ ಸುತ್ತಾಗಿ ಕುಳಿತು, ಪಕ್ಕದವರ ಹೆಸರು ಹೇಳಿ ಚೆಂಡು ಕೈಗೆ ಕೊಡುವುದು. ಒಂದು ಸುತ್ತು ಬಲಕ್ಕೆ, ಒಂದು ಸುತ್ತು ಎಡಕ್ಕೆ. ಸೊಂಟದಿಂದ ಮೇಲೆ ತಿರುಗಿದಂತಾಗುತ್ತದೆ. ಎಷ್ಟೋ ಆಯಿಗಳನ್ನು "ಇಂಥವನ ತಾಯಿ", "ಇಂಥವರ ಮನೆಯಾಕೆ" ಎಂದೇ ಕರೆಯುತ್ತಾರೆ. ಅವರ ಸ್ವಂತ ಹೆಸರು ಕರೆದು ಎಷ್ಟೋ ವರ್ಷವಾಗಿರುತ್ತದೆ. ಈ ಆಟದಲ್ಲಿ ಆ ಹೆಸರು ಮತ್ತೆ ಕೇಳುತ್ತದೆ.

2. ಪುಗ್ಗಾ ತೇಲಿಸು: ಎರಡು ಸಾಲು ಎದುರು ಬದುರು ಕುಳಿತು, ನಡುವೆ ಕುಳಿತವರ ಎದೆ ಮಟ್ಟಕ್ಕೆ ಹಗ್ಗ ಕಟ್ಟಿ ಅದರ ಮೇಲೆ ಒಂದು ಸೀರೆ ಹಾಕಿ. ಪುಗ್ಗಾ ನೆಲಕ್ಕೆ ಬೀಳದಂತೆ ಅತ್ತಿಂದಿತ್ತ ಅಂಗೈಯಿಂದ ತಳ್ಳಬೇಕು. ಯಾರು ಗೆದ್ದರು ಎನ್ನುವುದಕ್ಕಿಂತ ಎಲ್ಲರೂ ಸೇರಿ ಎಷ್ಟು ಸಲ ತೇಲಿಸಿದಿರಿ ಎಂದು ಎಣಿಸಿ. ಈ ವಾರ 12, ಮುಂದಿನ ವಾರ 15. ಪಂದ್ಯ ಬೇರೆಯವರ ಮೇಲಲ್ಲ, ಹಿಂದಿನ ವಾರದ ಮೇಲೆ.

3. ಸೀರೆಯ ಮೇಲೆ ಚೆಂಡು: ಒಂದು ಚಾದರ ಅಥವಾ ಮಡಚಿದ ಹಳೆಯ ಸೀರೆಯ ಅಂಚನ್ನು ಆರರಿಂದ ಎಂಟು ಜನ ಕುಳಿತೇ ಹಿಡಿಯುವುದು. ನಡುವೆ ಚೆಂಡು ಹಾಕಿ. ಒಬ್ಬರು ಎತ್ತಿ, ಇನ್ನೊಬ್ಬರು ತಗ್ಗಿಸಿ ಚೆಂಡನ್ನು ಸುತ್ತ ಉರುಳಿಸಬೇಕು. ಒಂದು ಕೈ ಬಲವಿಲ್ಲದವರೂ ಇದನ್ನು ಆಡಬಹುದು. ಹಿಡಿತ ಗಟ್ಟಿಯಾಗುತ್ತದೆ. ಒಬ್ಬರು ಬಿಟ್ಟರೆ ಚೆಂಡು ಬೀಳುತ್ತದೆ ಎಂದು ಎಲ್ಲರಿಗೂ ತಿಳಿಯುವುದರಿಂದ ನಗು ಹೆಚ್ಚು.

4. ಬುಟ್ಟಿಗೆ ಒಗೆ: ಮೂರು ಅಡಿ ದೂರದಲ್ಲಿ ಅಗಲ ಬಾಯಿಯ ಬುಟ್ಟಿ ಇಟ್ಟು, ಪ್ರತಿಯೊಬ್ಬರಿಗೆ ಐದು ಹುಣಸೆ ಬೀಜದ ಚೀಲ ಕೊಡಿ. ಕೆಳಗಿನಿಂದ ಕೈ ಬೀಸಿ ಒಗೆಯಲಿ, ತಲೆಯ ಮೇಲಿಂದ ಬೇಡ. ಬಲಗೈಯಿಂದ ಒಂದು ಸುತ್ತು, ಎಡಗೈಯಿಂದ ಒಂದು ಸುತ್ತು. ಸುಲಭವಾದ ಮೇಲೆ ಬುಟ್ಟಿಯನ್ನು ಐದು ಅಡಿಗೆ ಸರಿಸಿ. ಯಾರಿಗೂ ಒಂದೂ ಬೀಳದಂತೆ ದೂರ ಇಡಬೇಡಿ.

5. ಕುಳಿತು ಆಡುವ ಲಗೋರಿ: ಏಳು ಕಲ್ಲು ಪೇರಿಸಿ ಆಡಿದ ನೆನಪು ಎಲ್ಲರಿಗೂ ಇದೆ. ಕಲ್ಲಿನ ಬದಲು ಏಳು ಪ್ಲಾಸ್ಟಿಕ್ ಲೋಟ ಅಥವಾ ಖಾಲಿ ಕಡ್ಡಿಪೆಟ್ಟಿಗೆಗಳನ್ನು ಸ್ಟೂಲಿನ ಮೇಲೆ ಪೇರಿಸಿ. ನಾಲ್ಕು ಅಡಿ ದೂರದಿಂದ ಬಟ್ಟೆ ಚೆಂಡು ಒಗೆದು ಬೀಳಿಸಲಿ. ನಂತರ ಬಿದ್ದದ್ದನ್ನು ಎತ್ತಿಕೊಟ್ಟು ಅವರ ಕೈಯಿಂದಲೇ ಮತ್ತೆ ಪೇರಿಸಿ. ಬೀಳಿಸುವುದರಲ್ಲಿ ಹೆಗಲಿಗೆ ಕೆಲಸ, ಪೇರಿಸುವುದರಲ್ಲಿ ಬೆರಳಿಗೆ ಕೆಲಸ. ಓಡುವುದು ಮಾತ್ರ ಇಲ್ಲ.

6. ಗುರಿ ಚೆಂಡು: ನೆಲದ ಮೇಲೆ ಒಂದು ಸಣ್ಣ ಬಿಳಿ ಚೆಂಡು ಇಡಿ. ಎರಡು ತಂಡ, ಎರಡು ಬಣ್ಣದ ಚೆಂಡುಗಳು. ಕುಳಿತಲ್ಲಿಂದಲೇ ಉರುಳಿಸಿ, ಯಾರ ಚೆಂಡು ಬಿಳಿ ಚೆಂಡಿಗೆ ಹತ್ತಿರವೋ ಅವರಿಗೆ ಅಂಕ. ಇದು ಬೋಚಿಯಾ ಎಂಬ ಆಟದ ಸರಳ ರೂಪ. ಗಾಲಿಕುರ್ಚಿಯಲ್ಲಿ ಕುಳಿತು ಆಡುವವರಿಗಾಗಿ ಬೆಳೆದ ಆ ಆಟ 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅಲ್ಲಿ ಕೆಂಪು ಚೆಂಡು 6, ನೀಲಿ ಚೆಂಡು 6, ಗುರಿಗೆ ಬಿಳಿ ಚೆಂಡು 1. ಕೈಯಿಂದ ಒಗೆಯಲು ಬರದವರು ಇಳಿಜಾರಿನ ಮೇಲಿಂದ ಚೆಂಡು ಬಿಡುತ್ತಾರೆ. ನಾವೂ ಹಾಗೆ ಮಾಡಬಹುದು. ಅರ್ಧ ಸೀಳಿದ ಪ್ಲಾಸ್ಟಿಕ್ ಪೈಪಿನ ತುಂಡನ್ನು ಮಡಿಲಿನಿಂದ ನೆಲಕ್ಕೆ ಇಳಿಬಿಟ್ಟು, ಅದರ ಅಂಚಿಗೆ ಬಟ್ಟೆ ಸುತ್ತಿ ಕೊಡಿ. ಬೆರಳಿಂದ ತಳ್ಳಿದರೆ ಸಾಕು, ಚೆಂಡು ಹೋಗುತ್ತದೆ. ಹಾಸಿಗೆ ಹಿಡಿದವರೂ ಹೀಗೆ ಗೆದ್ದದ್ದನ್ನು ನೋಡಿದ್ದೇನೆ.

7. ಕಾಲ ಚೆಂಡು: ಎದುರು ಬದುರು ಕುಳಿತು ಪಾದದಿಂದ ಮೆಲ್ಲಗೆ ಚೆಂಡು ಉರುಳಿಸುವುದು. ನಂತರ ಚೆಂಡನ್ನು ಅಂಗಾಲಿನ ಕೆಳಗಿಟ್ಟು ಹಿಂದೆ ಮುಂದೆ ಹತ್ತು ಸಲ ಆಡಿಸುವುದು. ಮೊಣಕಾಲಿಗೆ, ಕಣಕಾಲಿಗೆ ಒಳ್ಳೆಯದು. ಈ ಆಟದಲ್ಲಿ ಕುರ್ಚಿಯ ಕೈ ಹಿಡಿದುಕೊಂಡಿರಲಿ, ಮುಂದಕ್ಕೆ ಜಾರಬಾರದು.

8. ನೆನಪಿನ ಚೆಂಡು: ಚೆಂಡು ಸಿಕ್ಕವರು ಒಂದು ಹೆಸರು ಹೇಳಬೇಕು. ಒಂದು ದಿನ ಕಾಳುಗಳ ಹೆಸರು, ಒಂದು ದಿನ ಸುತ್ತಲಿನ ಊರುಗಳು, ಒಂದು ದಿನ ಹಬ್ಬದ ಅಡುಗೆ, ಒಂದು ದಿನ ಹಳೆಯ ಕಾಲದ ಆಭರಣ. "ಕಾಗಿಣಾ ಹೊಳಿ ದಾಟಿ ಸಂತಿಗೆ ಹೋಗ್ತಿದ್ವಿ" ಎಂದು ಒಬ್ಬರು ಶುರು ಮಾಡಿದರೆ ಆಟ ನಿಂತು ಕಥೆ ನಡೆಯುತ್ತದೆ. ನಿಲ್ಲಲಿ ಬಿಡಿ. ನೆನಪಾಗದಿದ್ದರೆ ಒತ್ತಾಯ ಬೇಡ, ಚೆಂಡು ಮುಂದೆ ಕೊಟ್ಟರಾಯಿತು.

ಕುಳಿತುಕೊಳ್ಳಲೂ ಆಗದವರಿಗೆ ಹಾಸಿಗೆಯಲ್ಲೇ ಒಂದು ಸಣ್ಣ ಮೆತ್ತನೆಯ ಚೆಂಡು ಕೈಗೆ ಕೊಟ್ಟು, ಐದು ಎಣಿಸುವ ತನಕ ಮೆಲ್ಲಗೆ ಹಿಚುಕಿ ಬಿಡಲು ಹೇಳಿ. ಲಕ್ವಾ ಹೊಡೆದ ಕೈಯಾದರೆ ಒಳ್ಳೆಯ ಕೈಯನ್ನು ಅದರ ಮೇಲಿಟ್ಟು ಚೆಂಡನ್ನು ಮೆಲ್ಲಗೆ ಉರುಳಿಸಲಿ. ಆ ಕೈಯನ್ನು ನಾವು ಜಗ್ಗಬಾರದು, ಹೆಗಲಿನ ಕೀಲು ಜಾರುವ ಅಪಾಯವಿದೆ. ಬೆರಳು ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಹಿಚುಕಿಸುವ ಮೊದಲು ಫಿಜಿಯೋಥೆರಪಿ ಮಾಡುವವರನ್ನು ಕೇಳಿ.

ಯಾರಿಗೆ ಏನು ಎಚ್ಚರ?

ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳಿ ಶುರು ಮಾಡಲಿ. ಉಸಿರು ಬಿಗಿಹಿಡಿದು ಒಗೆಯಬಾರದು. ಆಟ ಮುಗಿದ ಮೇಲೆ ಒಮ್ಮೆಲೇ ಎದ್ದರೆ ತಲೆ ಸುತ್ತಬಹುದು, ಸ್ವಲ್ಪ ಕುಳಿತು ನಿಧಾನಕ್ಕೆ ಏಳಲಿ.

ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಆಡಬಾರದು. ಬೆವರು, ನಡುಕ, ಕಣ್ಣು ಮಂಜಾದರೆ ಆಟ ನಿಲ್ಲಿಸಿ, ಎಚ್ಚರವಿದ್ದರೆ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಕಾಲ ಚೆಂಡಿಗೆ ಮೊದಲು ಅವರ ಪಾದ ನೋಡಿ. ಗಾಯ ಇದ್ದರೆ ಅವರಿಗೇ ಗೊತ್ತಾಗದೇ ಇರಬಹುದು.

ಕಣ್ಣಿನ ಪೊರೆ ಆಪರೇಷನ್ ಆದವರು, ಸೊಂಟದ ಮೂಳೆ ಮುರಿದವರು ಡಾಕ್ಟರ್ ಒಪ್ಪುವ ತನಕ ಎಣಿಸುವ ಕೆಲಸ ಮಾಡಲಿ.

ಕಲ್ಲಿನ ಗಣಿ, ಕ್ರಷರ್‌ನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದು ಎದೆ ಕಟ್ಟಿದವರು ನಮ್ಮ ಭಾಗದಲ್ಲಿ ಇದ್ದಾರೆ. ಅವರಿಗೆ ಬೇಗ ದಮ್ಮು ಹತ್ತುತ್ತದೆ. ಧೂಳಿಲ್ಲದ ಜಾಗ, ನಿಧಾನದ ಆಟ, ನಡುನಡುವೆ ವಿಶ್ರಾಂತಿ ಬೇಕು. ಒಂದು ಸಣ್ಣ ಪರೀಕ್ಷೆ: ಆಡುತ್ತಲೇ ಒಂದು ಪೂರ್ತಿ ಮಾತು ಹೇಳಲು ಬಂದರೆ ಸರಿ, ಬಾರದಿದ್ದರೆ ನಿಲ್ಲಿಸಿ.

ಮರೆವಿನ ಕಾಯಿಲೆಯವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಹಿಡಿ." ನಂತರ "ಕೊಡು." ಎದುರಿಗೆ ಬಂದು ಕಣ್ಣಲ್ಲಿ ಕಣ್ಣಿಟ್ಟು ತೋರಿಸಿ. ತಪ್ಪು ಮಾಡಿದರೆ ತಿದ್ದಬೇಡಿ. ಅವರು ಚೆಂಡನ್ನು ಮಡಿಲಲ್ಲಿಟ್ಟು ಸವರುತ್ತ ಕುಳಿತರೆ ಅದೇ ಅವರ ಆಟ.

ಎದೆನೋವು, ತೀರಾ ಉಸಿರಾಟದ ತೊಂದರೆ, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಆಟ ಬಿಟ್ಟು ಕೂಡಲೇ 108ಕ್ಕೆ ಫೋನ್ ಮಾಡಿ. ಯಾರಾದರೂ ಬಿದ್ದರೆ ಗಡಿಬಿಡಿಯಿಂದ ಎಳೆದು ಎಬ್ಬಿಸಬೇಡಿ. ಎಲ್ಲಿ ನೋವು ಎಂದು ಕೇಳಿ, ಕಾಲು ಆಡಿಸಲು ಬಾರದಿದ್ದರೆ ಅಲ್ಲೇ ಮಲಗಿಸಿ ಸಹಾಯ ಕರೆಯಿರಿ.

ಮರ್ಯಾದೆ ಮೊದಲು

ಮುದುಕರು ಮತ್ತೆ ಮಕ್ಕಳಾಗುತ್ತಾರೆ ಎನ್ನುವ ಮಾತು ನಮ್ಮಲ್ಲಿದೆ. ನಾನು ಇದನ್ನು ಒಪ್ಪುವುದಿಲ್ಲ. ಎಂಟು ಮಕ್ಕಳನ್ನು ಹೆತ್ತು, ಬರಗಾಲ ದಾಟಿ, ಮನೆ ಕಟ್ಟಿದ ಹೆಣ್ಣುಮಗಳು ಮಗುವಾಗುವುದಿಲ್ಲ. ಆದ್ದರಿಂದ "ಶಾಣ್ಯಾ ಅಜ್ಜಿ, ಚಪ್ಪಾಳಿ ತಟ್ಟು" ಎಂದು ಮಕ್ಕಳಿಗೆ ಹೇಳಿದಂತೆ ಹೇಳಬೇಡಿ. "ಆಡ್ತೀರೇನ್ರಿ ಆಯಿ?" ಎಂದು ಕೇಳಿ. ಒಲ್ಲೆ ಎಂದರೆ ಒಲ್ಲೆ ಎಂದೇ ಅರ್ಥ. ನಾವೂ ಜೊತೆಯಲ್ಲಿ ಕುಳಿತು ಆಡಬೇಕು, ನಿಂತು ಆಡಿಸುವುದಲ್ಲ. ಫೋಟೋ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಿ.

ಕೆಲವು ಆಯಿಗಳು ಭಾವ, ಮಾವ, ಅಳಿಯನ ಎದುರು ಆಡಲು ನಾಚುತ್ತಾರೆ. ಅಂಥ ಕಡೆ ಹೆಂಗಸರ ಸುತ್ತು ಬೇರೆ, ಗಂಡಸರ ಸುತ್ತು ಬೇರೆ ಮಾಡಿ. ಕೆಲವು ದಿನ ಕಳೆದ ಮೇಲೆ ಅವರೇ ಒಂದಾದರೆ ಸಂತೋಷ. ಎಲ್ಲ ಓಣಿಯವರೂ, ಎಲ್ಲ ಜಾತಿಯವರೂ ಒಂದೇ ಸುತ್ತಿನಲ್ಲಿ ಕೂರಬೇಕು, ಒಂದೇ ಚೆಂಡು ಎಲ್ಲರ ಕೈಗೂ ಹೋಗಬೇಕು. ಯಾರಾದರೂ ಚೆಂಡು ಮುಟ್ಟಲು ಹಿಂಜರಿದರೆ ಅಲ್ಲೇ ಜಗಳ ಬೇಡ, ಆದರೆ ನಿಯಮ ಬದಲಿಸಲೂ ಬೇಡಿ.

ಆಡುತ್ತ ಆಡುತ್ತ ಹಿರಿಯರು ಮನಸ್ಸು ಬಿಚ್ಚುತ್ತಾರೆ. "ಮಗ ಪೆನ್ಶನ್ ದುಡ್ಡು ಕಸ್ಕೋತಾನ", "ಎರಡು ಹೊತ್ತು ರೊಟ್ಟಿ ಹಾಕೋದಿಲ್ಲ" ಎಂಬ ಮಾತು ಬಂದರೆ ಓಣಿಯಲ್ಲಿ ಹರಡಬೇಡಿ. ಬೇರೆ ಕೂಡಿಸಿ ಕೇಳಿ. ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಗೆ 2007ರ ಕಾಯ್ದೆ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಹಿರಿಯರ ಸಹಾಯವಾಣಿ 14567 ಉಚಿತ. ಈ ಸಂಖ್ಯೆಯನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ನಮ್ಮ ಸಂಘ ಏನು ಮಾಡಬಹುದು?

ದೊಡ್ಡ ಖರ್ಚಿಲ್ಲ. ಹಳೆಯ ಸೀರೆ, ಹುಣಸೆ ಬೀಜ, ದಾರ, ನಾಲ್ಕು ಪುಗ್ಗಾ, ಒಂದು ಬುಟ್ಟಿ. ಬೇಕಾದದ್ದು ನಿಮ್ಮ ಅರ್ಧ ಗಂಟೆ. ಹದಿನೈದು ಜನರ ಸಂಘದಲ್ಲಿ ವಾರಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡರೆ ಒಬ್ಬರ ಪಾಳಿ ಸುಮಾರು ಎರಡು ತಿಂಗಳಿಗೆ ಒಮ್ಮೆ ಬರುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಕೆಲಸ ಹೆಚ್ಚು, ಆಗ ಶಾಲೆ ಬಿಟ್ಟು ಬಂದ ಮೊಮ್ಮಕ್ಕಳನ್ನು ಸಹಾಯಕ್ಕೆ ಕರೆಯಿರಿ. ಹುಡುಗರಿಗೆ ಚೆಂಡು ಎತ್ತಿಕೊಡುವ ಕೆಲಸ ಬಹಳ ಇಷ್ಟ. ಊರಿನ ಆಶಾ ಕಾರ್ಯಕರ್ತೆಗೂ ಮೊದಲೇ ತಿಳಿಸಿ, ಯಾರಿಗೆ ಯಾವ ತೊಂದರೆ ಇದೆ ಎಂದು ಅವರಿಗೆ ಗೊತ್ತಿರುತ್ತದೆ.

ಮೊದಲು ಹೇಳಿದ ಆ ಸೊಸೆಯ ಕಥೆ ಮುಗಿಸುತ್ತೇನೆ. ಅವರ ಅತ್ತೆ ವಾರಕ್ಕೆ ಒಮ್ಮೆ ಪಕ್ಕದ ಮನೆಯ ಅಂಗಳಕ್ಕೆ ಆಡಲು ಹೋಗತೊಡಗಿದರು. ಆ ಅರ್ಧ ಗಂಟೆ ಸೊಸೆಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. "ಸುಮ್ನೆ ಕುಂತು ಒಬ್ಬಾಕಿನೇ ಚಹಾ ಕುಡದೆ, ಎಷ್ಟೋ ವರ್ಷ ಆಗಿತ್ತು" ಎಂದರು. ರಾತ್ರಿ ಅತ್ತೆ ಯಾರು ಎಷ್ಟು ಸಲ ಬುಟ್ಟಿಗೆ ಹಾಕಿದರು ಎಂದು ಹೇಳಿದರಂತೆ. ನೋವಿನ ಮಾತು ಬಿಟ್ಟು ಬೇರೆ ಮಾತು ಆ ಮನೆಯಲ್ಲಿ ಬಹಳ ದಿನದ ಮೇಲೆ ಬಂತು. ಹಿರಿಯರ ಆರೈಕೆ ಎಂದರೆ ಹೆಚ್ಚಾಗಿ ಮನೆಯ ಹೆಣ್ಣಿನ ಹೆಗಲಿಗೇ ಬೀಳುತ್ತದೆ. ಆ ಹೆಗಲಿಗೂ ವಿಶ್ರಾಂತಿ ಬೇಕು.

ನಾವೂ ಒಂದು ದಿನ ಆ ಸುತ್ತಿನಲ್ಲಿ ಕೂರುವವರೇ. ಇಂದು ರೂಢಿ ಮಾಡಿದರೆ ಅಂದು ನಮ್ಮ ಕೈಗೂ ಚೆಂಡು ಕೊಡುವವರು ಇರುತ್ತಾರೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಓಣಿಯಲ್ಲಿ 60 ದಾಟಿದವರು ಎಷ್ಟು ಜನ? ಅವರಲ್ಲಿ ಒಬ್ಬರೇ ಇರುವವರು ಯಾರು?
2. ನಮ್ಮ ಸಂಘದಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುತ್ತಿರುವ ಸದಸ್ಯೆ ಯಾರು? ಅವರಿಗೆ ವಾರಕ್ಕೆ ಅರ್ಧ ಗಂಟೆ ಬಿಡುವು ಹೇಗೆ ಕೊಡೋಣ?
3. ಆಟಕ್ಕೆ ಯಾವ ಜಾಗ, ಯಾವ ದಿನ, ಯಾವ ಹೊತ್ತು?
4. ಚೆಂಡು ಹೊಲಿಯುವವರು ಯಾರು? ಮೊದಲ ತಿಂಗಳ ಪಾಳಿ ಯಾರದು?

ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಒಂದು ತಿಂಗಳ ನಂತರ ಅದೇ ಪುಟ ತೆರೆದು ನೋಡಿ. ಪುಗ್ಗಾ ಎಷ್ಟು ಸಲ ತೇಲಿತು ಎನ್ನುವ ಲೆಕ್ಕವೂ ಅಲ್ಲಿರಲಿ.